ಟಿಫ್ ಮಾಮನ ಒಂದೇ ಜೆಪೆಗ್
ನಾನು ಮೇಷ್ಟ್ರಾಗಿದ್ದ ಶಾಲೆಯ ವಾರ್ಷಿಕ ಸಂಚಿಕೆ ಅಚ್ಚಾಗುತ್ತಿದ್ದ ಮುದ್ರಣಾಲಯದಲ್ಲಿ ಚಿತ್ರಗಳ ಬಣ್ಣ ಬೇರ್ಪಡಿಸುತ್ತಿದ್ದವರನ್ನು ಎಲ್ಲರೂ ಟಿಫ್ ಮಾಮ ಎನ್ನುತ್ತಿದ್ದರು. ಮಕ್ಕಳ ಮುಖಗಳನ್ನು ನೀಲಿ, ಕೆಂಪು, ಹಳದಿ, ಕಪ್ಪು ಎಂದು ನಾಲ್ಕು ಫಿಲ್ಮುಗಳಾಗಿ ಬಿಡಿಸಿ, ಒಂದೊಂದನ್ನೂ ದೀಪಕ್ಕೆ ಹಿಡಿದು "ಬಾ ಕಂದಾ" ಎಂದು ಕರೆಯುವುದು ಅವರ ಅಭ್ಯಾಸ. ಯಾರಾದರೂ ಫೋಟೊಗಳನ್ನು ಜೆಪೆಗ್ ಫೈಲಾಗಿ ತಂದರೋ, ಮುಗಿಯಿತು. "ಏನ್ ಮೇಷ್ಟ್ರೇ, ಸೇವ್ ಮಾಡಿದಾಗೆಲ್ಲ ಅದು ಚಿತ್ರಾನ ಒಂದಿಷ್ಟು ತಿಂದುಬಿಡುತ್ತೆ. ಹಾಲು ಕಾಯೋಕೆ ಬೆಕ್ಕನ್ನ ಕೂರಿಸ್ತೀರಾ? ಟಿಫ್ ಫೈಲು ತನ್ನಿ, ಇಟ್ಟದ್ದು ಇಟ್ಟ ಹಾಗೇ ಇರುತ್ತೆ!" ಅಂಥವರ ಕಂಪ್ಯೂಟರಿನಲ್ಲಿಯೂ ಒಂದು ಜೆಪೆಗ್ ಇತ್ತು, ಇಪ್ಪತ್ತಮೂರು ವರ್ಷಗಳ ಹಿಂದೆ ಏಳನೆಯ ವಯಸ್ಸಿನಲ್ಲಿ ತೀರಿಕೊಂಡ ಮಗಳ ಒಂದೇ ಒಂದು ಫೋಟೊ. ದಿನವೂ ಊಟದ ಬಿಡುವಿನಲ್ಲಿ ಅದನ್ನು ತೆರೆದು, ಕೆನ್ನೆಯ ಬಣ್ಣವನ್ನು ಕೂದಲೆಳೆಯಷ್ಟು ತಿದ್ದಿ, ಮತ್ತೆ ಜೆಪೆಗ್ ಆಗಿಯೇ ಉಳಿಸುತ್ತಿದ್ದರು. "ಹೀಗೆ ಮಾಡಿದರೆ ಮುಖವೇ ಅಳಿಸಿಹೋಗುವುದಿಲ್ಲವೇ? ಟಿಫ್ ಮಾಡಿಡಬಾರದೇ?" ಎಂದು ಒಂದು ದಿನ ಕೇಳಿದೆ. ಅವರು ಮೆಲ್ಲಗೆ ನಕ್ಕರು. "ಟಿಫ್ ಮಾಡಿದ್ರೆ ಏಳು ವರ್ಷಕ್ಕೇ ನಿಂತುಬಿಡ್ತಾಳೆ, ಮೇಷ್ಟ್ರೇ. ಹೀಗಾದ್ರೆ ಬೆಳೀತಾಳೆ. ನೀವೇ ನೋಡಿ." ಬಗ್ಗಿ ನೋಡಿದೆ. ಆ ಹಾಲುಗಲ್ಲ ಎಂದೋ ಸವೆದುಹೋಗಿತ್ತು. ಚೌಕಚೌಕವಾಗಿ ಒಡೆದ ಬಣ್ಣಗಳ ಹಿಂದಿನಿಂದ ಮೂವತ್ತರ ಹೆಂಗಸೊಬ್ಬಳು ನನ್ನನ್ನೇ ದಿಟ್ಟಿಸುತ್ತಿದ್ದಳು.