ರಾಯರು ರೆಕಾರ್ಡ್ ಮಾಡಿದ ಕಡಲ ಹಾಡು

ಇವತ್ತು ಮಲ್ಪೆಯಲ್ಲಿ ಒದ್ದೆ ಹಗ್ಗದ ವಾಸನೆ ಮೂಗಿಗೆ ಬಡಿದದ್ದೇ ನಾನು ಚಿಕ್ಕಂದಿನಲ್ಲಿದ್ದ ಒಮಾನಿನ ಸುವೈಕ್‌ನ ಕಡಲತೀರ ನೆನಪಾಯಿತು. ಅಲ್ಲಿ ಮೀನುಗಾರರು ಸಾಲಾಗಿ ನಿಂತು ಬಲೆ ಎಳೆಯುವಾಗ ಮುದುಕ ಸಾಲಿಂ ಒಂದು ಸಾಲು ಹಾಡುತ್ತಿದ್ದ, ಉಳಿದವರು ದನಿಗೂಡಿಸುತ್ತಿದ್ದರು. ಅವನ ಮೊಮ್ಮಕ್ಕಳ ಜೊತೆ ಆಡಿಯೇ ನಾನು ಅರಬಿ ಕಲಿತದ್ದು.

ಪಪ್ಪನ ಮ್ಯಾನೇಜರ್ ರಾಯರಿಗೆ ತಾವು ಮಹಾ ವಿದ್ವಾಂಸರೆಂಬ ಭ್ರಮೆ. ಸಲಾಂ ಹೇಳಿದವರಿಗೆ ತಿರುಗಿ ಸಲಾಂ ಹೇಳದ ಆ ಮನುಷ್ಯ ಒಂದು ಸಂಜೆ ಟೇಪ್ ರೆಕಾರ್ಡರ್ ಹಿಡಿದು ಬಂದು, ಬಲೆ ಎಳೆಯುವವರ ಹಾಡು ತುಂಬಿಸಿಕೊಂಡು, ಅದರ ಚರಿತ್ರೆ ಕೇಳಿದರು.

“ನನ್ನ ತಾತ ಹಡಗಿನ ಹಾಯಿ ಏರಿಸುವಾಗ ಹಾಡುತ್ತಿದ್ದ. ರಾಗ ಅವನದು, ಮಾತು ಆಯಾ ದಿನದ್ದು,” ಎಂದ ಸಾಲಿಂ. ನಾನು ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದೆ. ಮಕ್ಕಳ ಮಾತು ರಾಯರ ಕಿವಿಗೆ ಬೀಳುವುದುಂಟೇ?

ಅಲ್ಲಿನ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಅವರು ಟೇಪ್ ಹಾಕಿ, “ಇದು ಸಾವಿರ ವರ್ಷದ ಪ್ರಾರ್ಥನೆ,” ಎಂದು ಕಣ್ಣು ಮುಚ್ಚಿ ತಲೆದೂಗಿದರು. ಟೇಪಿನಲ್ಲಿ ಸಾಲಿಂ ಅರಬಿಯಲ್ಲಿ ಹಾಡುತ್ತಿದ್ದದ್ದು ಇದು: “ಎಳೆಯಿರೋ, ಬೂಟಿನ ಸಾಹೇಬ ಬಂದ! ಎಳೆಯಿರೋ, ಹೊಟ್ಟೆ ಹೊತ್ತು ತಂದ, ಕೈ ಮನೆಯಲ್ಲೇ ಬಿಟ್ಟು ಬಂದ!”

“ಪಪ್ಪಾ, ಅದು ಅವರನ್ನೇ ತಮಾಷೆ ಮಾಡಿದ್ದು. ಹೇಳ್ಲಾ?”

“ಸುಮ್ನಿರು ಮಾರಾಯ್ತಿ, ನನ್ನ ವೀಸಾ ಅವರ ಕೈಯಲ್ಲುಂಟು.”

ಮುಂದಿನ ಸಾಲಿನ ಒಮಾನಿ ಅತಿಥಿ ನಗು ತಡೆಯಲಾರದೆ ಕಣ್ಣೊರೆಸಿಕೊಂಡರು.

“ನೋಡಿ, ಭಕ್ತಿಯಿಂದ ಕಣ್ಣೀರು!” ಎಂದರು ರಾಯರು.

ಆ ಪ್ರಾರ್ಥನೆಯ ಬಗ್ಗೆ ಅವರು ಪ್ರಬಂಧವನ್ನೂ ಬರೆದರು. ಮೊನ್ನೆ ಯಾರೋ ಅದನ್ನು ನಮ್ಮ ಹಳೆಯ ಸುವೈಕ್ ಗೆಳೆಯರ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಎಲ್ಲರೂ ಕೈಮುಗಿದ ಚಿತ್ರ ಕಳಿಸಿದರು. ನಾನೂ ಒಂದು ಕಳಿಸಿದೆ, ಆದರೆ ನಾನು ಕೈಮುಗಿದದ್ದು ಸಾಲಿಂಗೆ.