ಇಟ್ಟಿಗೆ ಇಟ್ಟು ಮುಚ್ಚಿದ ಹಿಂಬಾಗಿಲು

ಶಿವರಾತ್ರಿ ಕಳೆದು ಬಿಸಿಲು ಚುರುಕಾಗಿದೆ. ಹೊನ್ನವಳ್ಳಿ ರಸ್ತೆಯ ನಮ್ಮ ತೆಂಗಿನಪುಡಿ ಕಾರ್ಖಾನೆಯಲ್ಲಿ ಹೆಂಗಸರು ಸಾಲಾಗಿ ಕುಳಿತು ಕಾಯಿಯ ಚಿಪ್ಪು ಬಿಡಿಸುತ್ತಿದ್ದಾರೆ. ಕಾಯಿನೀರು ಮೋರಿ ತುಂಬಿ ಹರಿಯುತ್ತಿದೆ. ಈ ಸದ್ದಿನ ನಡುವೆಯೇ ಬಾಳು ಸವೆಸಿದ ಮಾಲೀಕರಾದ ಶ್ರೀ ರಂಗರಾಜು ಅವರು ಈ ತಿಂಗಳ ಕೊನೆಗೆ ವ್ಯವಹಾರದಿಂದ ನಿವೃತ್ತರಾಗುತ್ತಿದ್ದಾರೆ. ತಿಪಟೂರು ಸೀಮೆಯಲ್ಲಿ ಅವರಿಗಿಂತ ದೊಡ್ಡ ಉದ್ಯಮಿಗಳು ಹಲವರಿದ್ದಾರೆ; ಆದರೆ ಕೆಲಸಗಾರರ ಪಿಎಫ್, ಇಎಸ್‌ಐಗಳನ್ನು ಪ್ರತಿ ತಿಂಗಳ ಹದಿನೈದರೊಳಗೆ ತಪ್ಪದೆ ಕಟ್ಟಿದ ಸಣ್ಣ ಮಾಲೀಕರೆಂದರೆ ಮೊದಲು ನೆನಪಾಗುವ ಹೆಸರು ಅವರದು. ಆ ನಿಷ್ಠೆ ಅವರನ್ನು ಎಷ್ಟು ಒಂಟಿಯಾಗಿಸಿತೆಂಬುದನ್ನು ಅವರ ಲೆಕ್ಕಪತ್ರ ನೋಡಿಕೊಂಡು ಬಂದ ನಾನು ಬಲ್ಲೆ.

ನಾನು ಸೇರಿದಾಗ ಇಲ್ಲಿಯೂ ಸುತ್ತಲಿನ ಕಾರ್ಖಾನೆಗಳ ಪದ್ಧತಿಯೇ ಇತ್ತು. ಹಾಜರಿ ಪುಸ್ತಕದಲ್ಲಿ ಕೆಲವೇ ಹೆಸರು; ಪಿಎಫ್ ಇನ್‌ಸ್ಪೆಕ್ಟರ್ ಜೀಪು ಬಂತೆಂದರೆ ಉಳಿದ ಹೆಂಗಸರು ಹಿಂಬಾಗಿಲಿನಿಂದ ತೋಟಕ್ಕಿಳಿದು, ಗರಿ ಆಯುವ ತೋಟದಾಳುಗಳಾಗಿಬಿಡುತ್ತಿದ್ದರು. ಒಮ್ಮೆ ಹಾಗೆ ಓಡುವಾಗ ಸಿದ್ದಮ್ಮ ಕಾಯಿನೀರಿನಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡರು. ಪುಸ್ತಕದಲ್ಲಿ ಹೆಸರೇ ಇಲ್ಲದ ಮೇಲೆ ಇಎಸ್‌ಐ ಎಲ್ಲಿಂದ ಬರಬೇಕು? ಆಸ್ಪತ್ರೆಯ ಖರ್ಚನ್ನು ರಂಗರಾಜು ಅವರೇ ಭರಿಸಿದರು. ಕೈ ಮಾತ್ರ ನೆಟ್ಟಗಾಗಲಿಲ್ಲ. ಸಿದ್ದಮ್ಮ ಮಾಯಸಂದ್ರದ ಮನೆಗೆ ಹೊರಟುಹೋದರು. ಮುಂದಿನ ವಾರ ಹಿಂಬಾಗಿಲಿಗೆ ಇಟ್ಟಿಗೆಯ ಗೋಡೆ ಎದ್ದಿತು. ಎಲ್ಲರ ಹೆಸರೂ ಪುಸ್ತಕಕ್ಕೆ ಬಂತು; ಪಿಎಫ್, ಇಎಸ್‌ಐಗೆಂದು ಕೂಲಿಯಲ್ಲಿ ಒಂದಿಷ್ಟು ಹಿಡಿಯುವುದೂ ಶುರುವಾಯಿತು.

"ಕೂಲೀಲಿ ಹಿಡ್ಕೊಳ್ಳಾಕೆ ನಾವೇನ್ ನಿಮ್ಮತ್ರ ಸಾಲ ಮಾಡಿದ್ವಾ ಅಣ್ಣ?" ಎಂದು ಕೇಳಿ ಅರ್ಧದಷ್ಟು ಹೆಂಗಸರು ಪಕ್ಕದ ಭೀಮರಾಜು ಅವರ ಕಾರ್ಖಾನೆಗೆ ಹೋದರು. ಹಿಡಿದದ್ದಕ್ಕೆ ತಮ್ಮ ಪಾಲನ್ನೂ ಸೇರಿಸಿ ಕಟ್ಟುತ್ತೇನೆಂದು ರಂಗರಾಜು ಅವರು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಮಾಲೀಕರೆಲ್ಲ ಸೇರುವ ಟೀ ಅಂಗಡಿಗೆ ಇವರು ಕಾಲಿಟ್ಟರೆ ಭೀಮರಾಜು, "ಮಾತು ನಿಲ್ಸ್ರಪ್ಪ, ಗೌರ್ಮೆಂಟ್ ಬಂತು," ಎನ್ನುವರು. ಎಲ್ಲರೂ ನಗುವರು, ಇವರೂ ನಗುತ್ತಿದ್ದರು. ಬರಬರುತ್ತಾ ಟೀಯನ್ನು ಕಾರ್ಖಾನೆಗೇ ತರಿಸಿಕೊಂಡು, ಆ ಇಟ್ಟಿಗೆ ಗೋಡೆಯ ಎದುರು ಕುರ್ಚಿ ಹಾಕಿಕೊಂಡು ಒಬ್ಬರೇ ಕುಡಿಯತೊಡಗಿದರು. ಮಡದಿ ತೀರಿಕೊಂಡ ಮೇಲೆ ಮಧ್ಯಾಹ್ನದ ಊಟವೂ ಅಲ್ಲಿಯೇ. ನನ್ನ ಹೆರಿಗೆಯ ಕಾಲದಲ್ಲಿ ರಜೆ ಕೇಳಲು ನಾನು ಅಳುಕುತ್ತಿದ್ದಾಗ, ಇಎಸ್‌ಐ ಅರ್ಜಿಯನ್ನು ತಾವೇ ತುಂಬಿ, ನನ್ನ ಮೇಜಿನ ಮೇಲಿಟ್ಟು ಹೋದವರು ಅವರು.

ಹೋದ ವರ್ಷ ಕಾಯಿಯ ಬೆಲೆ ಗಗನಕ್ಕೇರಿತು. ಹದಿನೈದನೇ ತಾರೀಖು ಹತ್ತಿರವಾಗಿತ್ತು. ಬ್ಯಾಂಕಿನಲ್ಲಿದ್ದ ಹಣ ಒಂದು ಟೆಂಪೋ ಕಾಯಿಗೆ ಸಾಲುತ್ತಿತ್ತು, ಇಲ್ಲವೇ ಪಿಎಫ್‌ಗೆ.

"ಈ ಸಲ ತಡವಾಗಿ ಕಟ್ಟೋಣ ಸಾರ್, ದಂಡ ಅಷ್ಟೇನಿಲ್ಲ," ಎಂದೆ.

"ಕಾಯಿ ನಾಳೆ ತಂದ್ರಾಯ್ತು ಕಣಮ್ಮ. ಅವರ ಕೂಲೀಲಿ ಹಿಡಿದಿರೋದು ನಮ್ಮದಲ್ಲ."

ಆ ವಾರ ಯಂತ್ರ ನಿಂತಿತು. ಸದ್ದಿಲ್ಲದ ಕಾರ್ಖಾನೆಯಲ್ಲಿ ಅವರು ದಿನವಿಡೀ ಗೋಡೆಯ ಎದುರು ಕುಳಿತಿದ್ದರು.

ಅವರ ಬೀಳ್ಕೊಡುಗೆಗೆಂದು ಮಾಲೀಕರೆಲ್ಲ ಸೇರಿ ತರುತ್ತಿರುವ ಈ ಸಂಪುಟಕ್ಕೆ ಬರೆಯಲು ನನಗೆ ಹೇಳಿದವರು ಅದೇ ಭೀಮರಾಜು. "ಅವನ ಎದುರಿಗೆ ಹೇಳಾಕಾಗಲ್ಲ ಕಣಮ್ಮ, ನೀನೇ ಬರಿ," ಎಂದರು.

ನಿವೃತ್ತಿಯ ತೀರ್ಮಾನವಾದ ದಿನ ರಂಗರಾಜು ಅವರು ಕೇಳಿದ್ದು ಒಂದೇ ಮಾತು: "ಸಿದ್ದಮ್ಮಂದು ಹಳೇ ವರ್ಷಗಳ ಪಿಎಫ್ ಈಗ ಕಟ್ಟೋಕಾಗುತ್ತಾ?" ದಾಖಲೆಯೇ ಇಲ್ಲವೆಂದೆ. ತಾವೇ ಲೆಕ್ಕ ಹಾಕಿ, ಹಣವನ್ನು ಕವರಿನಲ್ಲಿಟ್ಟು, ನನ್ನನ್ನೂ ಕರೆದುಕೊಂಡು ಮಾಯಸಂದ್ರದ ಬಸ್ಸು ಹತ್ತಿದರು. ಒಬ್ಬರೇ ಇರುವ ಸಿದ್ದಮ್ಮ ಎಡಗೈಯಲ್ಲಿ ಮಜ್ಜಿಗೆ ತಂದುಕೊಟ್ಟು, ಕವರನ್ನು ಅವರ ಕಡೆಗೇ ತಳ್ಳಿದರು.

"ಇದನ್ನ ಈಸ್ಕೊಂಡ್ರೆ ನೀವು ಇನ್ನೊಂದ್ ಸಲ ಈ ಕಡೆ ಬತ್ತೀರಾ? ಬಾಕಿ ಇರ್ಲಿ ಬುಡಿ ಅಣ್ಣ."

ಶ್ರೀಯುತರಿಗೆ ಆಯುರಾರೋಗ್ಯಗಳು ಕೂಡಿಬರಲಿ. ಮಾಯಸಂದ್ರದ ಬಸ್ಸು ಹತ್ತುವಷ್ಟು ಕಸುವು ಅವರ ಕಾಲಿಗೂ, ಬಾಗಿಲು ತೆರೆಯುವಷ್ಟು ಕಸುವು ಸಿದ್ದಮ್ಮನವರ ಕೈಗೂ ಬಹುಕಾಲ ಉಳಿಯಲಿ. ಈ ತಿಂಗಳ ಹದಿನೈದಕ್ಕೆ ಅವರು ಮತ್ತೆ ಹೋಗಿದ್ದರು. ಕವರು ಹಾಗೆಯೇ ವಾಪಸು ಬಂದಿದೆ.

— ಯಮುನಾ