ಎರಡನೇದು

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನಮ್ಮದೊಂದು ವಧೂವರರ ಕೇಂದ್ರ. ನಡೆಸುತ್ತಿದ್ದವರು ನಮ್ಮ ಯಜಮಾನರು. ಬಂದವರಿಗೆ ಚಹಾ ಕೊಟ್ಟು, ಫೋನು ಎತ್ತಿ, ಹುಡುಗನ ತಾಯಿ ಎಂಥ ಹೆಂಗಸು ಎಂದು ಅಳೆದು ನೋಡುವುದು ನನ್ನ ಕೆಲಸ. ವೆಬ್‌ಸೈಟನ್ನು ನಾನು ಮುಟ್ಟುತ್ತಿರಲಿಲ್ಲ. ಜನರಿಗೆ ಕಾಣುವುದು ಅದರ ಪಡಸಾಲೆ ಮಾತ್ರ. ಹುಡುಗ ಹುಡುಗಿಯರ ವಿವರ ಹಾಕುವುದು, ತಿದ್ದುವುದು, ತೆಗೆಯುವುದು ಎಲ್ಲ ನಡೆಯುವ ಒಳಮನೆ ಬೇರೆಯೇ ಇತ್ತು. ಅದಕ್ಕೆ ಅವರು ಅಡ್ಮಿನ್ ಎನ್ನುತ್ತಿದ್ದರು, ಅದರ ಬಾಗಿಲು ಅವರೊಬ್ಬರದೇ.

ಆಮೇಲೆ ಅವರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಬಾಯಲ್ಲಿ ಉಳಿದದ್ದು ಒಂದೇ ಮಾತು: ‘ಆತು’. ನೀರು ಬೇಕಾದರೂ ಆತು, ನೋವಾದರೂ ಆತು, ನಾನು ಸಿಟ್ಟು ಬಂದು ಬೈದರೂ ಆತು.

ಕಂಪ್ಯೂಟರಿಗೆ ಪಾಸ್‌ವರ್ಡ್ ನೆನಪಿತ್ತು. ಏನೂ ಕೇಳದೆ ನನ್ನನ್ನು ಒಳಗೆ ಬಿಟ್ಟಿತು. ಆ ಧೈರ್ಯದಲ್ಲಿ ಶಾಮನೂರಿನ ಒಬ್ಬ ಹುಡುಗಿಯ ವಿವರ ಹಾಕಿದೆ. ನಾನು ಒಬ್ಬಳೇ ಹಾಕಿದ ಮೊದಲನೆಯ ಹುಡುಗಿ ಅವಳು. ಅದಾದ ಮೇಲೆ ಕಂಪ್ಯೂಟರ್ ಮಂದವಾಯಿತೆಂದು ರಿಪೇರಿಗೆ ಕೊಟ್ಟೆ. “ಎಲ್ಲಾ ಕ್ಲೀನ್ ಮಾಡೀನ್ರಿ ಅಕ್ಕಾರೆ,” ಎಂದು ಆ ಮನುಷ್ಯ ಹೆಮ್ಮೆಯಿಂದ ತಂದುಕೊಟ್ಟ. ಪಾಸ್‌ವರ್ಡನ್ನೂ ಕ್ಲೀನ್ ಮಾಡಿದ್ದಾನೆಂದು ನನಗೆ ಗೊತ್ತಾದದ್ದು ಆ ದಿನ ಬೆಳಿಗ್ಗೆ, ಹುಡುಗಿಯ ತಾಯಿ ಫೋನು ಮಾಡಿದ ಮೇಲೆ.

ಆಕೆ ಅಳುತ್ತಿದ್ದಳು. ನೆಂಟರ ಮೂಲಕ ಹರಿಹರದ ಒಂದು ಮನೆಯೊಂದಿಗೆ ಸಂಬಂಧ ಕೂಡಿಬಂದಿತ್ತು. ಅವತ್ತು ಸಂಜೆ ನಾಲ್ಕಕ್ಕೆ ಗಂಡಿನವರು ಬಂದು ಹುಡುಗಿಗೆ ಹೂ ಮುಡಿಸಬೇಕಿತ್ತು. ಅಷ್ಟರಲ್ಲಿ ಹುಡುಗನ ಸೋದರತ್ತೆ ನಮ್ಮ ಸೈಟು ನೋಡಿದ್ದಳು.

“ನಿಮ್ಮ ಹುಡುಗಿಗೆ ಮೊದ್ಲೇ ಒಂದು ಮದುವಿ ಆಗೇತಂತಲ್ರಿ ಅಂತ ಕೇಳಿದ್ರು. ಎರಡನೇ ಸಂಬಂಧ ಅಂತ ನೀವೇ ಹಾಕ್ಸೀರಿ ಅಂದ್ರು. ಅಕ್ಕಾರೆ, ನನ್ ಮಗಳು ಕೋಣೆ ಚಿಲಕ ಹಾಕ್ಕಂಡು ಕೂತಾಳ್ರಿ. ಎಷ್ಟು ಕರದ್ರೂ ತೆಗೀವಲ್ಲಳು.”

ಆಗ ನೆನಪಾಯಿತು. ವಿವರ ಬರೆಸುವಾಗ ಈ ತಾಯಿ ಹೇಳಿದ್ದು ಇಷ್ಟು: “ಇದು ಎರಡನೇದುರಿ.” ಎರಡನೇ ಮಗಳು ಎಂಬ ಅರ್ಥದಲ್ಲಿ ಹೇಳಿದ್ದಳು. ನಮ್ಮ ಕಸುಬಿನಲ್ಲಿ ‘ಎರಡನೇದು’ ಎಂದರೆ ಒಂದೇ ಅರ್ಥ. ಗಂಡ ಸತ್ತವಳು, ಬಿಟ್ಟವಳು, ಮತ್ತೆ ಮದುವೆಯಾಗುವವಳು. ‘ಸಂಬಂಧ’ ಎಂಬ ಜಾಗದಲ್ಲಿ ಎರಡನೆಯದಕ್ಕೆ ಗುರುತು ಹಾಕಿಬಿಟ್ಟಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇಲ್ಲಿ ಮಾತು ಆಡಿದವಳು ಆಕೆ, ಮುತ್ತು ಒಡೆದವಳು ನಾನು.

ಕಂಪ್ಯೂಟರ್ ಹಾಕಿದೆ. ಪಾಸ್‌ವರ್ಡ್ ಕೇಳಿತು. ಐದು ಸಲ ತಪ್ಪಿದರೆ ಒಂದು ದಿನ ಬಾಗಿಲು ಮುಚ್ಚುತ್ತೇನೆ ಎಂದು ಕೆಳಗೆ ಬರೆದಿತ್ತು. ಮರೆತಿದ್ದೀರಾ ಎಂದು ಕೇಳುವ ಸಾಲನ್ನು ಒತ್ತಿದರೆ, ಯಜಮಾನರ ಹಳೆಯ ನಂಬರಿಗೆ ಸಂಕೇತ ಕಳಿಸಿದ್ದೇನೆ ಎಂದಿತು. ಆ ಸಿಮ್ಮು ಸತ್ತು ಎಷ್ಟೋ ಕಾಲವಾಗಿತ್ತು. ಮೊದಲು ನನ್ನ ಹೆಸರನ್ನೇ ಹೊಡೆದೆ. ನಾಚಿಕೆ ಯಾಕೆ, ಅದೇ ಇರುತ್ತದೆ ಎಂದುಕೊಂಡಿದ್ದೆ. ತಪ್ಪು. ನಮ್ಮ ಮಗಳ ಹೆಸರು ಹೊಡೆದೆ. ಅದೂ ತಪ್ಪು.

ಯಜಮಾನರ ಕುರ್ಚಿಯನ್ನು ಎಳೆದು ತಂದು ಪರದೆಯ ಮುಂದೆ ಕೂರಿಸಿದೆ. “ಏನು ಇಟ್ಟೀರಿ ಹೇಳ್ರಿ. ಒಂದು ಹುಡುಗಿ ಬಾಳು ಐತೆ ಇದ್ರಾಗೆ,” ಎಂದೆ. ಅವರು ಪರದೆ ನೋಡಿದರು, ನನ್ನನ್ನು ನೋಡಿದರು. “ಆತು,” ಎಂದರು. “ಆತು ಅಲ್ರಿ! ಏನು ಆತು? ಏನೂ ಆಗಿಲ್ಲ!” ಎಂದು ಕಿರುಚಿದೆ. ಅವರ ಕಣ್ಣಲ್ಲಿ ನೀರು ಬಂತು. ಎಡಗೈ ಎತ್ತಿ ಗೋಡೆ ತೋರಿಸಿದರು.

ಗೋಡೆಯ ಮೇಲೆ ಉಕ್ಕಡಗಾತ್ರಿಯಿಂದ ತಂದ ಕರಿಬಸವೇಶ್ವರನ ಫೋಟೋ ಇತ್ತು. ಹೊಳೆಯಿತು! ಆ ಊರಿನ ಹೆಸರೇ ಇರಬೇಕು. ನಮ್ಮ ಕಡೆಯ ಊರುಗಳನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಎಚ್ ಇಲ್ಲದೆ ಹೊಡೆದೆ, ತಪ್ಪು. ಎಚ್ ಸೇರಿಸಿ ಹೊಡೆದೆ, ತಪ್ಪು. ಇನ್ನು ಒಂದೇ ಸಲ ಉಳಿದಿತ್ತು. ನಾನು ಮೇಜಿಗೆ ಹಣೆ ಚಚ್ಚಿಕೊಂಡು ಅತ್ತೆ. ಚಿಲಕ ಹಾಕಿಕೊಂಡ ಆ ಹುಡುಗಿ ಏನಾದರೂ ಮಾಡಿಕೊಂಡರೆ ಎಂಬ ಒಂದೇ ಯೋಚನೆ.

ತಲೆ ಎತ್ತಿದಾಗ ಅವರ ಎಡಗೈ ಇನ್ನೂ ಗೋಡೆಯ ಕಡೆಗೇ ಇತ್ತು. ದೇವರ ಕಡೆಗಲ್ಲ, ಅದರ ಪಕ್ಕಕ್ಕೆ.

ಇಲ್ಲಿಯವರೆಗೆ ಒಂದು ವಿಷಯ ಹೇಳಿಲ್ಲ, ಹೇಳಿ ಅಭ್ಯಾಸವಿಲ್ಲ. ದೇವರ ಪಕ್ಕದಲ್ಲಿ ಇರುವುದು ನಮ್ಮ ಯಜಮಾನರ ಮೊದಲ ಹೆಂಡತಿಯ ಫೋಟೋ. ಆಕೆ ತೀರಿಕೊಂಡ ಮೇಲೆ ಈ ಮನೆಗೆ ಬಂದವಳು ನಾನು. ಪ್ರತಿ ಸೋಮವಾರ ಗಾಜು ಒರೆಸಿ ಹೂ ಇಡುತ್ತೇನೆ. ಹೆಸರು ಮಾತ್ರ ಒಮ್ಮೆಯೂ ನನ್ನ ಬಾಯಿಂದ ಬಂದಿಲ್ಲ. ಫೋಟೋದ ಅಡಿಯಲ್ಲಿ ಸ್ಟುಡಿಯೋದವರು ಅದನ್ನು ಇಂಗ್ಲಿಷಿನಲ್ಲಿ ಬರೆದಿದ್ದರು. ಅದನ್ನೇ ನೋಡಿಕೊಂಡು ಒಂದೊಂದೇ ಅಕ್ಷರ ಒತ್ತಿದೆ.

ಬಾಗಿಲು ತೆರೆಯಿತು.

ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ನಾನು ಚಹಾ ತಂದಿಡುವ ಮೊದಲೇ ಈ ಮನುಷ್ಯ ದಿನಾ ಬೆಳಿಗ್ಗೆ ಆ ಹೆಸರಿನಿಂದಲೇ ಬಾಗಿಲು ತೆರೆದು ಕೆಲಸ ಶುರು ಮಾಡುತ್ತಿದ್ದ. ಆದರೆ ಅಳುತ್ತ ಕೂರಲು ಹೊತ್ತಿರಲಿಲ್ಲ. ಹುಡುಗಿಯ ವಿವರ ತೆರೆದೆ. ಕೆಳಗೆ ಷರಾ ಎಂಬ ಜಾಗ, ಒಳಗಿನವರಿಗೆ ಮಾತ್ರ ಕಾಣುವಂಥದ್ದು. ಅಲ್ಲಿ ನಾನೇ ಬರೆದಿದ್ದೆ: ‘ಅಕ್ಕನ ಮದುವೆ ಆಗಿದೆ, ಇದು ಎರಡನೇದು.’ ನನ್ನ ಕೈಯಾರೆ ಬರೆದು, ಮೇಲೆ ಗುರುತು ತಪ್ಪಾಗಿ ಹಾಕಿದ್ದೆ. ತಿದ್ದಲು ಹೊರಟವಳು ಹುಡುಗಿಯ ತಾಯಿಗೆ ಫೋನು ಮಾಡಿದೆ.

“ತಿದ್ದಬ್ಯಾಡ್ರಿ ಅಕ್ಕಾರೆ! ಗಂಡಿನವ್ರು ಅದ್ರ ಫೋಟೋ ತಗದು ಇಟ್ಕಂಡಾರೆ. ಈಗ ಅಳಿಸಿದ್ರೆ ಮುಚ್ಚಿಟ್ರು ಅಂತಾರೆ.”

ಸರಿಯಾದ ಮಾತು. ಯಜಮಾನರನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಹರಿಹರದ ಬಸ್ಸು ಹತ್ತಿದೆ.

ಗಂಡಿನ ಮನೆಯಲ್ಲಿ ಹೂವಿನ ಬುಟ್ಟಿ ಮೂಲೆಯಲ್ಲಿ ಒದ್ದೆ ಬಟ್ಟೆ ಹೊದ್ದು ಕೂತಿತ್ತು. ಹುಡುಗನ ತಾಯಿ ಗೋಡೆಗೆ ಒರಗಿ ಕೂತಿದ್ದಳು. ಸೋದರತ್ತೆಯೇ ಕೇಳಿದಳು: “ಇಷ್ಟು ವರ್ಷ ಇದೇ ಕಸುಬು ಮಾಡೀರಿ. ಎರಡನೇದು ಅಂದ್ರೆ ಏನು ಅಂತ ನಿಮಗೆ ತಿಳೀಲಿಲ್ವೇನ್ರಿ?”

“ಒಳಗೆ ನಾನೇ ಬರೆದಿದ್ದು ಐತ್ರಿ, ತೋರಿಸ್ತೀನಿ,” ಎಂದು ಫೋನು ತೆಗೆದೆ. ಫೋನಿನಲ್ಲಿ ಮತ್ತೆ ಪಾಸ್‌ವರ್ಡ್ ಕೇಳಿತು. ತಪ್ಪಬಾರದೆಂದು ಕಣ್ಣಿನ ಗುರುತು ಒತ್ತಿ, ಅಕ್ಷರ ಕಾಣುವಂತೆ ಮಾಡಿಕೊಂಡೆ. ಸೋದರತ್ತೆ ಹೆಗಲ ಮೇಲಿಂದ ಬಗ್ಗಿ ಓದಿದಳು.

“ಯಾರ ಹೆಸರ್ರಿ ಇದು?”

“ನಮ್ಮಕ್ಕಂದು,” ಎಂದೆ. “ನಮ್ಮ ಯಜಮಾನ್ರ ಮೊದಲ್ನೇ ಹೆಂಡ್ತಿ. ನಾನೇ ಎರಡನೇದುರಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕಂಡಂಗೆ ಆತು. ಆ ಮಾತು ಕಿವಿಗೆ ಬಿದ್ರೆ ನನಗೆ ಬ್ಯಾರೆ ಅರ್ಥ ಹೊಳಿಯಂಗಿಲ್ಲ. ತಪ್ಪು ನಂದು, ಆ ಹುಡುಗಿದಲ್ಲ.”

ಷರಾ ತೆರೆದು ಫೋನು ಕೈಗಿಟ್ಟೆ. ಸೋದರತ್ತೆ ಎರಡೆರಡು ಸಲ ಓದಿದಳು, ಅದನ್ನು ಬರೆದ ತಾರೀಕು ನೋಡಿದಳು. ಹುಡುಗನ ತಾಯಿ ಎದ್ದು ಬುಟ್ಟಿಯ ಬಟ್ಟೆ ಸರಿಸಿ, ಹೂ ಮುಟ್ಟಿ ನೋಡಿದಳು. “ಬಾಡ್ತಾವೆ. ನಡೀರಿ,” ಎಂದಳು.

ಅಲ್ಲೇ ಕೂತು ಗುರುತು ತಿದ್ದಿದೆ. ಸಂಜೆ ಶಾಮನೂರಿನಿಂದ ಫೋನು ಬಂತು. ಮಾತಾಡಿದವಳು ಹುಡುಗಿಯೇ. “ಹೂ ಮುಡಿಸಿದ್ರು ಆಂಟಿ,” ಎಂದಷ್ಟೇ ಹೇಳಿದಳು.

ಯಜಮಾನರಿಗೆ ಗಂಜಿ ಕುಡಿಸುತ್ತ ಎಲ್ಲ ಹೇಳಿದೆ. ಅಷ್ಟಕ್ಕೆ ಸುಮ್ಮನಿರಬೇಕಿತ್ತು. ನನ್ನ ಬಾಯಿ ಕೇಳಲಿಲ್ಲ.

“ನನ್ ಹೆಸರು ಯಾವುದಕ್ಕಾದ್ರೂ ಇಟ್ಟೀರೇನ್ರಿ?” ಎಂದು ಕೇಳಿದೆ.

ಅವರು ನನ್ನ ಕೈ ಹಿಡಿದುಕೊಂಡರು. ಬಹಳ ಹೊತ್ತು ತುಟಿ ಒದ್ದಾಡಿತು. ಬೇರೆ ಏನನ್ನೋ ಹೇಳಲು ಹೆಣಗುತ್ತಿದ್ದರು. ಕೊನೆಗೆ ಬಂದದ್ದು ಅದೇ.

“ಆತು.”